ಕೆಲಸ ಬಿಡಲಾ, ಮೊಮ್ಮಗಳನ್ನು ನೋಡಿಕೊಳ್ಳಲಾ?

ಪ್ರಶ್ನೆ: ನಮಸ್ಕಾರ ಮೇಡಂ. ಬರುವ ಶ್ರಾವಣಕ್ಕೆ ನನಗೆ 58 ತುಂಬುತ್ತದೆ. 2001ರಿಂದ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಸಂಬಳ 28 ಸಾವಿರ, ಅದರಲ್ಲಿ ಬೇಸಿಕ್ 20 ಸಾವಿರ. ಮಾಲೀಕರು ‘ಇನ್ನೂ ಮೂರು ವರ್ಷ ಇರ್ರಿ, ಆದ್ರೆ ಕಾಂಟ್ರಾಕ್ಟ್ ಮೇಲೆ, 18 ಸಾವಿರ ಕೊಡ್ತೀನಿ’ ಅಂತಾರೆ. ಬೆಂಗಳೂರಿನಲ್ಲಿ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗಳಿಗೆ ಎಂಟು ತಿಂಗಳು. ಮಗ ‘ಇನ್ನೆಷ್ಟು ದುಡೀತೀಯಮ್ಮ, ಬಂದು ಆರಾಮಾಗಿರು’ ಅನ್ನುತ್ತಾನೆ. ಪಿಎಫ್‌ನಲ್ಲಿ ಒಂಬತ್ತು ಲಕ್ಷ ಇದೆ. ಅದನ್ನು ಮಗನ ಫ್ಲ್ಯಾಟಿಗೆ ಕೊಡೋಣ ಅಂತಾರೆ ನಮ್ಮ ಯಜಮಾನರು. ಅವರಿಗೆ ಇಲ್ಲೇ ಎಲೆಕ್ಟ್ರಿಕಲ್ ಅಂಗಡಿ ಇದೆ, ಬೆಂಗಳೂರಿಗೆ ಬರೋದಿಲ್ಲ. ನನಗೆ ಮಂಡಿ ನೋವು ಶುರುವಾಗಿದೆ. ಆದರೂ ಕೆಲಸ ಬಿಡೋದು ಅಂದರೆ ಯಾಕೋ ತಳಮಳ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಅಕ್ಕ, ಎಂಟು ತಿಂಗಳ ಮಗುವನ್ನು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ನೋಡಿಕೊಳ್ಳುವುದು ನಿವೃತ್ತಿ ಅಲ್ಲ, ಅದು ಇನ್ನೊಂದು ಕೆಲಸ. ಸಂಬಳ ಇಲ್ಲ, ಭಾನುವಾರ ಇಲ್ಲ. ಮಗ ‘ಆರಾಮಾಗಿರು’ ಅಂದಿದ್ದು ಪ್ರೀತಿಯಿಂದಲೇ ಇರಬಹುದು. ಆದರೆ ಮಗು ಈಗ ಅಂಬೆಗಾಲಿಡುತ್ತೆ, ಇನ್ನು ನಾಲ್ಕು ತಿಂಗಳಿಗೆ ಹಿಡಿದುಕೊಂಡು ನಿಲ್ಲುತ್ತೆ, ಅದರ ಹಿಂದೆ ನೀವು ದಿನಕ್ಕೆ ಎಷ್ಟು ಸಲ ನೆಲಕ್ಕೆ ಕೂತು ಏಳಬೇಕು ಅಂತ ಅವನು ಯೋಚನೆ ಮಾಡಿರಲಿಕ್ಕಿಲ್ಲ. ಮಂಡಿ ನೋವಿರೋರಿಗೆ ಲೆಕ್ಕದ ಕುರ್ಚಿಯೇ ಹಗುರ. ಮೊಮ್ಮಗಳ ಜೊತೆ ಇರುವ ಆಸೆ ನಿಮಗಿದ್ದರೆ ಖಂಡಿತ ಹೋಗಿ, ಆ ಸುಖ ಬೇರೆಯೇ. ಆದರೆ ಕೆಲಸ ಬಿಟ್ಟು ಸುಧಾರಿಸಿಕೊಳ್ಳೋಕೆ ಹೋಗುತ್ತಿದ್ದೇನೆ ಅಂದುಕೊಂಡು ಹೋಗಬೇಡಿ.

ನೀವು ಲೆಕ್ಕದವರು, ಅದಕ್ಕೇ ನೇರವಾಗಿ ಅಂಕಿಗೆ ಬರುತ್ತೇನೆ. ಪಿಎಫ್ ಪಿಂಚಣಿಗೆ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಅದರಲ್ಲಿ 2014ರ ಆಗಸ್ಟ್‌ವರೆಗಿನ ಸೇವೆಗೆ ಸಂಬಳದ ಮಿತಿ 6,500 ರೂಪಾಯಿ, ಆಮೇಲಿನದಕ್ಕೆ 15,000. 20 ವರ್ಷ ದಾಟಿದವರಿಗೆ ಎರಡು ವರ್ಷ ಸೇರಿಸಿ ಕೊಡುತ್ತಾರೆ. ಎಲ್ಲ ಸೇರಿದರೂ ನಿಮಗೆ ತಿಂಗಳಿಗೆ ಬರುವುದು 4,000ದ ಆಸುಪಾಸು. ಇಷ್ಟೇನಾ ಅನ್ನಿಸುತ್ತೆ, ಇಷ್ಟೇ. ಆದರೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. 58 ತುಂಬಿದ ಮೇಲೆ ಈ ಪಿಂಚಣಿ ಪಡೆಯೋಕೆ ಕೆಲಸ ಬಿಡಲೇಬೇಕು ಅಂತಿಲ್ಲ. ಫಾರಂ 10ಡಿ ಅನ್ನೋ ಪಿಂಚಣಿ ಅರ್ಜಿ ಕೊಟ್ಟು ಸಂಬಳವನ್ನೂ ಪಿಂಚಣಿಯನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. 60ರವರೆಗೆ ಕಾದರೆ ವರ್ಷಕ್ಕೆ ಶೇ 4 ಜಾಸ್ತಿ ಕೊಡುತ್ತಾರೆ, ನಿಮ್ಮ ಮೊತ್ತಕ್ಕೆ ಅದು ಮುನ್ನೂರು ಚಿಲ್ಲರೆ. ಆ ಎರಡು ವರ್ಷವೂ ಪಿಂಚಣಿಗೆ ದುಡ್ಡು ಕಟ್ಟಿದರೆ ಇನ್ನೊಂದಿಷ್ಟು ಸೇರುತ್ತೆ. ನನ್ನನ್ನು ಕೇಳಿದರೆ 58ಕ್ಕೇ ತೆಗೆದುಕೊಳ್ಳಿ.

ಮಾಲೀಕರ ಕಾಂಟ್ರಾಕ್ಟ್ ವಿಷಯದಲ್ಲಿ ಹುಷಾರು. ಗ್ರಾಚ್ಯುಟಿಯನ್ನು, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಮಾಲೀಕರು ಕೊಡುವ ಇಡಿಗಂಟನ್ನು, ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ. 20 ಸಾವಿರ ಬೇಸಿಕ್‌ಗೆ, ನಿಮ್ಮ ಸೇವೆಗೆ, ವರ್ಷಕ್ಕೆ 15 ದಿನದ ಸಂಬಳದಂತೆ ಎರಡೂಮುಕ್ಕಾಲು ಲಕ್ಷಕ್ಕೆ ಕಡಿಮೆ ಇಲ್ಲ. ಮೊದಲು ಸಂಬಳ ಇಳಿಸಿ, ಮೂರು ವರ್ಷ ಆದ ಮೇಲೆ ಗ್ರಾಚ್ಯುಟಿ ಕೊಡ್ತೀನಿ ಅಂದರೆ ಒಪ್ಪಲೇಬೇಡಿ. 58ಕ್ಕೆ ನಿವೃತ್ತಿ ಅಂತ ಪತ್ರ ಬರೆಸಿಕೊಂಡು, ಗ್ರಾಚ್ಯುಟಿ ಕೈಗೆ ಬಂದ ಮೇಲೆ ಹೊಸ ಮಾತು. ಅಂಗಡಿಯಲ್ಲಿ ಅದೆಲ್ಲ ಇಲ್ಲಮ್ಮ ಅಂತ ಹೇಳಬಹುದು, ಆದರೆ ಪಿಎಫ್ ಕಟ್ಟುವಷ್ಟು ಜನ ಇರುವ ಕಡೆ ಗ್ರಾಚ್ಯುಟಿಯೂ ಕೊಡಲೇಬೇಕು. ಇಷ್ಟು ವರ್ಷ ಅವರ ಲೆಕ್ಕ ಸರಿಯಾಗಿ ಇಟ್ಟವರು ನೀವು. ಕೇಳೋಕೆ ಸಂಕೋಚ ಯಾಕೆ?

ಇನ್ನು ಫ್ಲ್ಯಾಟ್. ಕೊಡಬೇಡಿ ಅಕ್ಕ. ಇದರಲ್ಲಿ ನನಗೆ ಎರಡನೇ ಮಾತೇ ಇಲ್ಲ. ಮಗನ ಮುಂದೆ ಇಪ್ಪತ್ತೈದು ವರ್ಷದ ದುಡಿಮೆ ಇದೆ, ಬ್ಯಾಂಕು ಅವನಿಗೆ ಸಾಲ ಕೊಡುತ್ತೆ. ನಿಮ್ಮ ಮುಪ್ಪಿಗೆ ಯಾವ ಬ್ಯಾಂಕೂ ಸಾಲ ಕೊಡೋದಿಲ್ಲ. ಪಿಎಫ್, ಗ್ರಾಚ್ಯುಟಿ ಸೇರಿದ್ದರಲ್ಲಿ 11 ಲಕ್ಷವನ್ನು ನಿಮ್ಮ ಹೆಸರಲ್ಲೇ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. 60 ಆಗದಿದ್ದರೂ, 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಬಂದ ಮೂರು ತಿಂಗಳ ಒಳಗೆ ಖಾತೆ ತೆರೆಯಬಹುದು. 2023ರ ಏಪ್ರಿಲ್‌ನಲ್ಲಿ ಇದರ ಬಡ್ಡಿಯನ್ನು ಶೇ 8.2ಕ್ಕೆ ಏರಿಸಿದರು. ಆ ದರದಲ್ಲಿ ಮೂರು ತಿಂಗಳಿಗೊಮ್ಮೆ 22,550 ರೂಪಾಯಿ ಬರುತ್ತೆ. ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಹಾಕುವ ದಿನ ಎಷ್ಟಿದೆ ಅಂತ ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಿ. ಒಮ್ಮೆ ಹಾಕಿದರೆ ಐದು ವರ್ಷ ಅದೇ ದರ. ಪಿಂಚಣಿ ಸೇರಿ ತಿಂಗಳಿಗೆ ಹನ್ನೊಂದೂವರೆ ಸಾವಿರ ಆಯಿತು. ದೊಡ್ಡ ಮೊತ್ತ ಅಲ್ಲ, ಆದರೆ ಔಷಧಿಗೆ, ಬಸ್ಸಿಗೆ, ಮೊಮ್ಮಗಳಿಗೊಂದು ಲಂಗ ಕೊಡಿಸೋಕೆ ಯಾರ ಮುಂದೂ ಕೈ ಚಾಚಬೇಕಿಲ್ಲ. ನಿಮ್ಮ ತಳಮಳ ಇದರದ್ದೇ ಇರಬೇಕು ಅಂತ ನನಗನ್ನಿಸುತ್ತೆ. ಇಪ್ಪತ್ತನಾಲ್ಕು ವರ್ಷ ಸ್ವಂತ ಸಂಬಳ ಎಣಿಸಿದ ಕೈ ಅದು.

ಪೂರ್ತಿ ಕೆಲಸ, ಇಲ್ಲವೇ ಪೂರ್ತಿ ಬೆಂಗಳೂರು ಅಂತ ಯಾಕೆ ಯೋಚಿಸಬೇಕು? ಜಿಎಸ್‌ಟಿ ಲೆಕ್ಕದ ಗಡಿಬಿಡಿ ನಿಮಗೇ ಗೊತ್ತು, 11ನೇ ತಾರೀಕು ಒಂದು ರಿಟರ್ನ್, 20ಕ್ಕೆ ಇನ್ನೊಂದು. ಮಾಲೀಕರಿಗೆ ಹೇಳಿ, 5ರಿಂದ 20ರವರೆಗೆ ಅಂಗಡಿಗೆ ಬರ್ತೀನಿ, ಆಮೇಲೆ ಇಲ್ಲ. 18 ಸಾವಿರದಲ್ಲಿ ಸ್ವಲ್ಪ ಇಳಿಸಿದರೆ ಇಳಿಸಲಿ. ಉಳಿದ ದಿನ ಬೆಂಗಳೂರು. ವೇಗದೂತ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ಟು, ಮಂಡಿಗೆ ಕಷ್ಟ ಆದರೆ ಜನಶತಾಬ್ದಿ ರೈಲು. ನೀವಿಲ್ಲದ ದಿನಗಳಿಗೆ ಅವರು ಡೇ ಕೇರ್ ನೋಡಲಿ ಅಥವಾ ಒಬ್ಬ ಸಹಾಯಕಿಯನ್ನು ಇಟ್ಟುಕೊಳ್ಳಲಿ. ನೀವು ಇರುವಾಗಲೂ ಆ ಸಹಾಯಕಿ ಇರಲಿ, ಅದನ್ನು ಸೊಸೆಯ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಯಜಮಾನರ ಅಡುಗೆ ಚಿಂತೆ ಇದ್ದರೆ, ಅನ್ನ ಸಾರು ಕಲಿಯೋಕೆ ಅವರಿಗಿನ್ನೂ ಟೈಮಿದೆ. ಮಂಡಿಯನ್ನು ಈ ತಿಂಗಳೇ ಮೂಳೆ ಡಾಕ್ಟರಿಗೆ ತೋರಿಸಿ. ಅವರು ಭಾರ ಎತ್ತಬಾರದು ಅಂದರೆ ಮಗನಿಗೆ ಅದನ್ನೇ ಹೇಳಿ.

ಪ್ರಶ್ನೆ: ನಮ್ಮ ತಂದೆಗೆ 66. ಗೋದಾಮಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಬಿಡಿ ಅಂದರೆ ಜಗಳಕ್ಕೇ ಬರುತ್ತಾರೆ. ಹೇಗೆ ಒಪ್ಪಿಸೋದು?
— ಒಬ್ಬ ಓದುಗ, ತುಮಕೂರು

ಉತ್ತರ: ಒಪ್ಪಿಸೋಕೆ ಹೋಗಬೇಡಿ ತಮ್ಮಾ. ಕೆಲಸ ಬಿಡಿ ಅಂದಾಗ ಅವರಿಗೆ ‘ನೀವು ಯಾವುದಕ್ಕೂ ಬೇಡ’ ಅಂತ ಕೇಳಿಸುತ್ತಿರಬಹುದು. ರಾತ್ರಿ ಬಿಟ್ಟು ಹಗಲು ಪಾಳಿ ಕೇಳೋಣ ಅನ್ನಿ, ಬಿಪಿ ಮತ್ತು ಕಣ್ಣು ತೋರಿಸಿಕೊಂಡು ಬರೋಣ ಅನ್ನಿ, ಅಷ್ಟಕ್ಕೆ ಬಹುಶಃ ಬರುತ್ತಾರೆ. ಇನ್ನೊಂದು ಕೆಲಸ ನಿಮ್ಮದು. ಅವರ ಹಳೆಯ ಸಂಬಳದ ಚೀಟಿ ಹುಡುಕಿ, ಪಿಎಫ್ ಹಿಡಿದಿದ್ದಾರಾ ನೋಡಿ. 58ಕ್ಕೆ ಮುಂಚೆ ಬೇರೆ ಬೇರೆ ಏಜೆನ್ಸಿಗಳಲ್ಲಿ ಸೇರಿ ಹತ್ತು ವರ್ಷ ಆಗಿದ್ದರೆ ಅವರಿಗೂ ಪಿಂಚಣಿ ಇದೆ. ಚೀಟಿಗಳನ್ನೂ ಆಧಾರ್ ಕಾರ್ಡನ್ನೂ ತೆಗೆದುಕೊಂಡು, ಅವರನ್ನೂ ಕರೆದುಕೊಂಡೇ ಪಿಎಫ್ ಕಚೇರಿಗೆ ಹೋಗಿ.