ಕೈಯಲ್ಲಿ ತಿರುಗದಿದ್ದರೆ ಸುತ್ತಿಗೆ ಎತ್ತಬೇಡ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಕೋಲಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೀಯ, ಕುವೈತಿನಲ್ಲಿ ಸ್ಲಿಕ್‌ಲೈನ್ ಹೆಲ್ಪರ್ ಕೆಲಸಕ್ಕೆ ಆಫರ್ ಬಂದಿದೆ, ಅಂದರೆ ಸಣ್ಣ ಉಕ್ಕಿನ ತಂತಿಗೆ ಟೂಲು ಕಟ್ಟಿ ಎಣ್ಣೆ ಬಾವಿಯೊಳಗೆ ಇಳಿಸೋ ಕೆಲಸ. "ಅಣ್ಣಾ, ಪ್ರೆಶರ್ ಇರೋ ಎಣ್ಣೆ ಬಾವಿ ಮೇಲೆ ಕೆಲಸವಂತೆ, ಅಮ್ಮ ಹೆದರಿದ್ದಾರೆ. ಊಟ, ರೂಮು ಹೇಗೆ? ಕೈಗೆ ಎಷ್ಟು ಉಳಿಯುತ್ತೆ?" ಅಂತ ಕೇಳಿದ್ದೀಯ.

ಊಟ, ರೂಮಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಕ್ಯಾಂಪಿನಲ್ಲಿ ಅನ್ನ, ಚಪಾತಿ, ಕೋಳಿ ಎಲ್ಲ ಇರುತ್ತೆ. ಮುದ್ದೆ ಇರಲ್ಲ, ಹಿಟ್ಟು ತಗೊಂಡು ಬಾ. ನಮ್ಮ ಕಡೆಯವರಿಗೆ ತೆಲುಗು ಬರುತ್ತಲ್ವಾ, ಇಲ್ಲಿ ಅದು ಕನ್ನಡಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತೆ. ಕಡಪ, ರಾಯಚೋಟಿ ಕಡೆಯ ಜನ ತುಂಬಾ ಇದ್ದಾರೆ. ಉಳಿಯೋ ದುಡ್ಡಿನ ಲೆಕ್ಕ ನಾನು ಹೇಳಲ್ಲ. ಮೊದಮೊದಲು ಬಂದದ್ದೆಲ್ಲ ಸಾಲಕ್ಕೇ ಹೋಗುತ್ತೆ, ನಮ್ಮ ಮನೆಗಳ ಕಥೆ ನಿನಗೆ ಗೊತ್ತೇ ಇದೆ. ಡಿಸೆಂಬರ್‌ನಲ್ಲಿ ಮಾತ್ರ ಫೋನಿನಲ್ಲಿ ಯಾರ ಮನೆಯ ಅವರೆಕಾಳು ಸಾರಿನ ಫೋಟೋನೂ ನೋಡಬೇಡ.

ಅಮ್ಮನ ಹೆದರಿಕೆ ಸುಮ್ನೆ ಅಲ್ಲ. ಅದಕ್ಕೆ ಸರಿಯಾಗಿ ಉತ್ತರ ಕೊಡ್ತೀನಿ.

ನಮ್ಮಲ್ಲಿ 1,500 ಅಡಿ ಬೋರ್ ಕೊರೆಸಿ, ಕಾಯಿ ಒಡೆದು, ನೀರು ಬಂದರೆ ಪುಣ್ಯ. ಬಂದರೂ ಮೋಟಾರ್ ಇಳಿಸಿ ಎಳೀಬೇಕು. ಇಲ್ಲಿ ಬಾವಿಯೇ ತಳ್ಳುತ್ತೆ. ಲೆಕ್ಕ ಸುಲಭ: ನೀರು ನಿಂತರೆ ಪ್ರತಿ ಅಡಿಗೆ 0.433 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಅನ್ನೋ ಅಳತೆ) ಒತ್ತಡ. ನಿಮ್ಮ ಆ ಬೋರನ್ನು ಬಾಯಿತನಕ ತುಂಬಿಸಿದರೆ ತಳದಲ್ಲಿ ಸುಮಾರು 650 ಪಿಎಸ್‌ಐ. 10,000 ಅಡಿ ಆದರೆ 4,330. ಆ ಆಳದಲ್ಲಿ ಕಲ್ಲಿನೊಳಗಿನ ಒತ್ತಡ 5,000 ಇದ್ದರೆ, ಬಾವಿ ತುಂಬಾ ನೀರಿದ್ದರೂ ಮಿಕ್ಕ 670 ಮೇಲೆ ಬಾಯಿಗೇ ಬಂದು ಕೂರುತ್ತೆ. ಒಳಗೆ ಗ್ಯಾಸ್ ಇದ್ದರೆ ಅದರ ತೂಕ ನೀರಿಗಿಂತ ತುಂಬಾ ಕಡಿಮೆ, ಮೇಲಿನ ಒತ್ತಡ ಇನ್ನೂ ಜಾಸ್ತಿ. ನಾವು ಕೆಲಸ ಮಾಡೋದು ಆ ಒತ್ತಡ ಇದ್ದಂತೆಯೇ.

ನಾನು ಬಂದ ಹೊಸದರಲ್ಲಿ ಬರ್ಗಾನ್ ಎಣ್ಣೆ ಕ್ಷೇತ್ರದ ಕಡೆ ಒಂದು ಬಾವಿಗೆ ಕರೆದುಕೊಂಡು ಹೋದರು. ಮರಳಲ್ಲಿ ಬಣ್ಣ ಹೊಡೆದ ಕಬ್ಬಿಣದ ವಾಲ್ವ್‌ಗಳ ಗೊಂಚಲು, ಸದ್ದೇ ಇಲ್ಲ. ಬಂದ್ ಆಗಿರೋ ಬಾವಿ ಇರಬೇಕು ಅಂದುಕೊಂಡೆ. ಗೇಜ್ ನೋಡಿದರೆ ಮುಳ್ಳು ಸಾವಿರದ ಹತ್ತಿರ. 1991ರಲ್ಲಿ ಇರಾಕಿನ ಸೈನ್ಯ ಇಲ್ಲಿ 600ಕ್ಕೂ ಜಾಸ್ತಿ ಬಾವಿಗಳಿಗೆ ಬೆಂಕಿ ಇಟ್ಟಿತ್ತು, ಕೊನೆಯದನ್ನು ಆರಿಸಿದ್ದು ನವೆಂಬರ್‌ನಲ್ಲಿ. ಬಾಯಿ ಮುಚ್ಚಿರೋ ಕಬ್ಬಿಣ ಹೋದರೆ ಏನಾಗುತ್ತೆ ಅಂತ ಇಲ್ಲಿನ ಹಳಬರಿಗೆ ಹೇಳಿಕೊಡಬೇಕಿಲ್ಲ.

ಬಾವಿಗೂ ನಿನಗೂ ನಡುವೆ ಯಾವಾಗಲೂ ಎರಡು ತಡೆ ಇರಬೇಕು, ಒಂದು ಕೈಕೊಟ್ಟರೆ ಇನ್ನೊಂದು. ತಂತಿ ಸುತ್ತ ಸೋರದ ಹಾಗೆ ಸ್ಟಫಿಂಗ್ ಬಾಕ್ಸ್ ಅನ್ನೋ ಸೀಲು ಹಿಡಿದಿರುತ್ತೆ, ಅದು ಸೋರಿದರೆ ಕೆಳಗಿರೋ ಬಿಒಪಿ, ಅಂದರೆ ತುರ್ತು ವಾಲ್ವ್, ಮುಚ್ಚಬೇಕು. ಟೂಲು ಇಳಿಸೋ ಮುಂಚೆ ನೀರಿನಿಂದ ಪ್ರೆಶರ್ ಟೆಸ್ಟ್ ಮಾಡ್ತಾರೆ, ಮೊದಲು ಕಡಿಮೆ, ಆಮೇಲೆ ಜಾಸ್ತಿ. ಕೆಲವು ಸೋರಿಕೆ ಕಡಿಮೆ ಒತ್ತಡದಲ್ಲಷ್ಟೇ ಕಾಣುತ್ತೆ. ವಾಲ್ವ್ ತಿರುಗಿಸುವಾಗ ಸುತ್ತು ಎಣಿಸು. ತೆಗೆಯೋಕೆ ಬೇಕಾದಷ್ಟೇ ಸುತ್ತು ಮುಚ್ಚೋಕೂ ಬೇಕು. ಕಡಿಮೆ ಆದರೆ ನಡುವೆ ಏನೋ ಸಿಕ್ಕಿಕೊಂಡಿದೆ.

ಇದೆಲ್ಲ ಟ್ರೇನಿಂಗ್‌ನಲ್ಲಿ ಹೇಳಿಕೊಡ್ತಾರೆ. ಹೇಳಿಕೊಡದೇ ಇರೋದು ಒಂದಿದೆ.

ಒಂದು ದಿನ ಕೆಲಸ ಮುಗಿದು ಟೂಲು ಮೇಲೆ ಬಂತು. ಬಾವಿಯ ಮೇಲಿನ ವಾಲ್ವ್ ಮುಚ್ಚಿದೆವು, ಅದರ ಮೇಲೆ ಟೂಲು ಬಂದು ನಿಲ್ಲೋ ಲೂಬ್ರಿಕೇಟರ್ ಪೈಪಿನೊಳಗಿನ ಪ್ರೆಶರ್ ಬಿಟ್ಟೆವು, ಗೇಜ್ ಸೊನ್ನೆಗೆ ಬಂತು. ಇನ್ನು ಯೂನಿಯನ್ ಬಿಚ್ಚಬೇಕು. ಅದು ಒಳಗೆ ಪ್ರೆಶರ್ ಇಲ್ಲದಿದ್ದರೆ ಕೈಯಲ್ಲೇ ಬಿಚ್ಚಿಕೊಳ್ಳಬೇಕಾದ ಪೈಪಿನ ಜೋಡಣೆ. ಆವತ್ತು ಅಲುಗಲಿಲ್ಲ. ಸೀನಿಯರ್ ಆಪರೇಟರ್, ವಯಸ್ಸಾದವರು, ಒಳ್ಳೆಯವರೇ, "ಸುತ್ತಿಗೆ ತಗೊಂಡು ಬಾ" ಅಂದರು. ನಾವು ಮೂರ್ನಾಲ್ಕು ಜನ ಇದ್ದೆವು, ಎಲ್ಲರೂ ನಮ್ಮ ಕಡೆ ಬೆಳೆದವರೇ. ದೊಡ್ಡವರು ಹೇಳಿದ ಮೇಲೆ ಯಾರು ಮಾತಾಡ್ತಾರೆ? ಆಗ ಬಂದು ಇನ್ನೂ ಕೆಲವೇ ವಾರ ಆಗಿದ್ದ ನೇಪಾಳದ ಹುಡುಗ ಸುತ್ತಿಗೆ ಇಟ್ಟಿದ್ದ ಪೆಟ್ಟಿಗೆ ಮೇಲೆ ಕೂತುಬಿಟ್ಟ. "ಕೈಯಲ್ಲಿ ತಿರುಗ್ತಿಲ್ಲ ಸಾರ್, ಇನ್ನೊಂದು ಸಲ ನೋಡೋಣ" ಅಂದ ಅಷ್ಟೇ. ಬೈಸಿಕೊಂಡ, ಏಳಲಿಲ್ಲ. ಕೊನೆಗೆ ಅದೇ ಪೈಪಿನ ಇನ್ನೊಂದು ನೀಡಲ್ ವಾಲ್ವ್‌ಗೆ (ಸಣ್ಣ ವಾಲ್ವ್) ಬೇರೆ ಗೇಜ್ ಕಟ್ಟಿ ನೋಡಿದರೆ ಮುಳ್ಳು 1,000 ದಾಟಿತು. ಮೊದಲನೆಯ ಗೇಜಿಗೆ ಹೋಗೋ ತೂತಿಗೆ ಎಣ್ಣೆಯ ಮೇಣ ಕಟ್ಟಿಕೊಂಡಿತ್ತು. 3 ಇಂಚು ಅಗಲದ ಪೈಪಿಗೆ 1,000 ಪಿಎಸ್‌ಐ ಅಂದರೆ ಮೇಲಕ್ಕೆ ಸುಮಾರು 3 ಟನ್ ತಳ್ಳು. ಸುತ್ತಿಗೆ ಹೊಡೆಯೋಕೆ ನಿಂತಿರುತ್ತಿದ್ದದ್ದು ಅದರ ಪಕ್ಕದಲ್ಲೇ.

ಆ ಹುಡುಗನಿಗೆ ಆವತ್ತು ಯಾರೂ ಶಹಬ್ಬಾಸ್ ಅನ್ನಲಿಲ್ಲ. ಮುಂದೆ ಅವನು ಬೇರೆ ಕಡೆ ಹೋದ. ನನ್ನ ಹತ್ತಿರ ನಂಬರ್ ಇಲ್ಲ, ಹುಡುಕಿದೆ, ಸಿಗಲಿಲ್ಲ. ಅದೊಂದು ಬೇಜಾರು ಹಾಗೇ ಉಳಿದಿದೆ.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನೋ ಎಣ್ಣೆ ಬಾವಿ ಕೊರೆಯೋ ರಿಗ್ ಸ್ಫೋಟವಾಗಿ 11 ಜನ ಸತ್ತರು. ಅಲ್ಲೂ ಅದಕ್ಕೆ ಮುಂಚೆ ಟೆಸ್ಟ್ ಮಾಡಿದ್ದರು. ಅದೇ ಬಾವಿಗೆ ಸೇರಿದ ಒಂದು ಪೈಪಿನಲ್ಲಿ 1,400 ಪಿಎಸ್‌ಐ, ಇನ್ನೊಂದರಲ್ಲಿ ಸೊನ್ನೆ. ಎರಡೂ ಹೊಂದಲ್ಲ ಅಂತ ನಿಲ್ಲಿಸೋ ಬದಲು ಏನೋ ಒಂದು ಕಾರಣ ಕೊಟ್ಟುಕೊಂಡು ಮುಂದುವರಿದರು. ಅವರೇನು ನಮ್ಮ ಥರ ಬೆಳೆದವರಲ್ಲ, ಆದರೂ ಹಾಗೇ ಆಯ್ತು. ನಮಗಂತೂ ಸುಮ್ನಿರೋದನ್ನ ಮನೆಯಲ್ಲೇ ಕಲಿಸಿರ್ತಾರೆ. ನೀನು ಮರ್ಯಾದೆ ಬಿಡಬೇಕಿಲ್ಲ. "ನೀವು ತಪ್ಪು" ಅನ್ನಬೇಡ, "ಸಾರ್, ಇನ್ನೊಂದು ಸಲ ನೋಡೋಣ" ಅನ್ನು. ಅಂದ ಮೇಲೆ ಜಾಗ ಬಿಡಬೇಡ.

ಗಡ್ಡ ಇಡಬೇಡ. ಎಚ್‌2ಎಸ್ (ಹೈಡ್ರೋಜನ್ ಸಲ್ಫೈಡ್) ಅನ್ನೋ ವಿಷದ ಗ್ಯಾಸ್ ಇರೋ ಕಡೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಬೇಕು. ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ ಅಂತ ನಂಬಿ ಕೂರಬೇಡ, ಗ್ಯಾಸ್ ಜಾಸ್ತಿ ಆದರೆ ಮೂಗಿಗೆ ಆ ವಾಸನೆಯೇ ಗೊತ್ತಾಗಲ್ಲ. ಅಯ್ಯಪ್ಪ ಮಾಲೆ ಹಾಕೋದಿದ್ದರೆ ರಜೆಗೆ ಊರಿಗೆ ಹೋದಾಗ ಹಾಕು.

ಸರ್ಟಿಫಿಕೇಟ್ ಕೋರ್ಸ್ ಅಂತ ಈಗಲೇ ಊರಲ್ಲಿ ದುಡ್ಡು ಸುರಿಯಬೇಡ, ನನ್ನನ್ನು ಕಂಪನಿಯೇ ಕಳಿಸಿತ್ತು. ಏಜೆಂಟ್ ಹೆಸರು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಇದೆಯಾ ನೋಡು. 30,000 ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಅವನು ಜಾಸ್ತಿ ಕೇಳೋ ಹಾಗಿಲ್ಲ. ವೀಸಾ 18ನೇ ಆರ್ಟಿಕಲ್‌ದಾಗಿರಬೇಕು, 20 ಅಂದರೆ ಮನೆಗೆಲಸದ್ದು. ಆಫರ್ ಲೆಟರ್ ಫೋಟೋ ಕಳಿಸು, ನಾನು ನೋಡಿದ ಮೇಲೆ ಸಹಿ ಹಾಕುವಿಯಂತೆ.