ಹುಬ್ಬಳ್ಳಿಯೊಳಗ ಕುಂತು ಎಲೆಕ್ಟ್ರೋ ಮಾಡೋದು
'ಟಿಆರ್-808 ಇಲ್ಲದ, ಹುಬ್ಬಳ್ಳಿಯೊಳಗ ಕುಂತು ಎಲೆಕ್ಟ್ರೋ ಮಾಡಿ ಹೊಟ್ಟಿ ಹೊರೀಬಹುದಾ' ಅಂತ ಕೇಳೀರಿ. ಎಲೆಕ್ಟ್ರೋ ಅಂದ್ರ ಡ್ರಮ್ ಮಷೀನಿನ ಒಡಕು ಲಯದ ಎಲೆಕ್ಟ್ರಾನಿಕ್ ಸಂಗೀತ; ಟಿಆರ್-808 ಅಂದ್ರ ರೋಲ್ಯಾಂಡ್ ಕಂಪನಿಯ ಡ್ರಮ್ ಮಷೀನು. ಮಾಡಲಿಕ್ಕೆ ಖಂಡಿತ ಆಗತದ್ರಿ; ಹೊಟ್ಟಿಪಾಡು ಬ್ಯಾರೆ ಮಾತು. ಡೆಟ್ರಾಯಿಟ್‌ನ ಡ್ರೆಕ್ಸಿಯಾ ಅನ್ನೋ ಎಲೆಕ್ಟ್ರೋ ಜೋಡಿಯೊಳಗಿನ ಜೇಮ್ಸ್ ಸ್ಟಿನ್ಸನ್ ಟ್ರಕ್ ಹೊಡಕೋತನ ಸಂಗೀತ ಮಾಡಿದಾತ. 2002ರಾಗ ತೀರಿಕೊಳ್ಳೋತನಕ ಭಾಳ ಮಂದಿಗೆ ಅವನ ಹೆಸರ ಗೊತ್ತಿರಲಿಲ್ಲ. ನಮ್ಮ ಮುಂಬೈದ ಚರಣಜಿತ್ ಸಿಂಗ್ 1982ರಾಗ 808, ಟಿಬಿ-303 (ಬೇಸ್ ದನಿಯ ಸಿಂಥಸೈಜರ್) ಇಟಗೊಂಡು ರಾಗ ನುಡಿಸಿದ್ರು. ಅದಕ್ಕ ಜಗತ್ತು ಕಿವಿ ಕೊಟ್ಟಿದ್ದು 2010ರಾಗ ಮರುಬಿಡುಗಡೆ ಆದಮ್ಯಾಲೆ! ನೆನಸಿದರ ಇನ್ನೂ ಹೊಟ್ಟಿ ಕಿವಚತದ.

ನಾನೂ ಹಗಲು ಗೋಕುಲ ರೋಡಿನ ವರ್ಕ್‌ಶಾಪಿನಾಗ, ರಾತ್ರಿ ಲ್ಯಾಪ್‌ಟಾಪ್ ಮುಂದ. ರೋಲ್ಯಾಂಡ್‌ದವರು 808 ನಿಲ್ಲಿಸಿದ್ದೇ 1983ರಾಗ, ಅದರ ದನಿ ಹಿಡಿದಿಟ್ಟ ಸ್ಯಾಂಪಲ್ ಸಾಕು. ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ನಾಲ್ಕೂ ಎಣಿಕಿಗೆ ಬಿದ್ದರ ಟೆಕ್ನೋ, ಒಡೆದು ಬಿದ್ದರ ಎಲೆಕ್ಟ್ರೋ. ಆ ಒಡಕು ಲಯ ಮೊದಲ ಕೂಡಸ್ರಿ. ನೌಕರಿ ಬಿಡಬ್ಯಾಡ್ರಿ. ಮೊದಲನೇ ಟ್ರ್ಯಾಕ್ ಆದಕೂಡಲೇ ಕಳಸ್ರಿ, ಕೇಳತೀನಿ.