ತೂನಾ ಎಂದರೆ ಮೀನಲ್ಲ

ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ಸೊಲ್ಲೆನ್‌ತೂನಾದಲ್ಲಿ ಕೋಣೆ ಸಿಕ್ಕಿದೆ, ಊರು ಹೇಗಿದೆ, ಹೆಸರಿನಲ್ಲಿ ಟ್ಯೂನಾ ಮೀನೇಕೆ ಎಂದು ಕೇಳಿದ್ದೀರಿ. ಮೀನಿಗೂ ಊರಿಗೂ ಸಂಬಂಧವಿಲ್ಲ. ‘ತೂನಾ’ ಹಳೆಯ ಸ್ವೀಡಿಷ್ ಊರುಹೆಸರುಗಳಲ್ಲಿ ಉಳಿದುಕೊಂಡಿರುವ ಪದ. ಬೇಲಿ ಹಾಕಿದ ಜಾಗ ಎಂಬುದು ಅದರ ಮೂಲಾರ್ಥ. ಇಂಗ್ಲಿಷಿನ ‘ಟೌನ್’, ಬೇಲಿಗೆ ಜರ್ಮನರು ಹೇಳುವ ‘ತ್ಸೌನ್’ ಇದರ ದಾಯಾದಿಗಳು. ನಮ್ಮ ರಾಮನಗರ, ಕನಕಪುರದ ಕಡೆ ದನ ಕೂಡುವ ದೊಡ್ಡಿಯೇ ಎಷ್ಟೋ ಹಳ್ಳಿಗಳ ಹೆಸರಿನಲ್ಲಿ ನಿಂತಿಲ್ಲವೇ, ಹಾಗೆ. ಎಸ್ಕಿಲ್ಸ್‌ತೂನಾ ಎಂಬ ಊರು ಮೊದಲು ಬರೀ ತೂನಾ ಆಗಿತ್ತು. 11ನೇ ಶತಮಾನದ ಸಂತ ಎಸ್ಕಿಲ್‌ನ ಹೆಸರು ಆಮೇಲೆ ಸೇರಿಕೊಂಡಿತು.

ನಾನು ಇದನ್ನು ಕಲಿತದ್ದು ವಲಸಿಗರಿಗೆಂದು ನಡೆಸುವ ಉಚಿತ ಸ್ವೀಡಿಷ್ ತರಗತಿಯಲ್ಲಿ. ಪಕ್ಕದಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್‌ನ ಹೆಂಗಸೊಬ್ಬರು ಕೂರುತ್ತಿದ್ದರು. ಅವರ ಅಜ್ಜಿಯ ಮಾತು ಕಲೀನಾ, ಕರೀಬ್ ಭಾಷಾ ಕುಟುಂಬದ್ದು. ನಕ್ಷೆಯಲ್ಲಿ ಈ ತೂನಾ ಊರುಗಳನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಅವರಲ್ಲಿ ‘ತುನಾ’ ಎಂದರೆ ನೀರು! ಅದೇ ಕುಟುಂಬದ ಮಕುಷಿ, ಪೆಮೊನ್ ಭಾಷೆಗಳಲ್ಲೂ ಅದೇ ಪದ, ಅದೇ ಅರ್ಥ. ಸ್ವೀಡಿಷ್ ಪದಕ್ಕೂ ಇದಕ್ಕೂ ನೆಂಟಸ್ತಿಕೆ ಏನೂ ಇಲ್ಲ, ಬರೀ ಕಾಕತಾಳೀಯ. ಆದರೂ ಅವರು ಪ್ರತಿ ಊರಿಗೂ ನೀರಿನ ಅರ್ಥವನ್ನೇ ಹಚ್ಚಿದರು, ಪ್ರತಿ ಸಲವೂ ಗೆದ್ದರು: ಸಿಗ್‌ತೂನಾ ಮೆಲಾರೆನ್ ಸರೋವರದ ದಡದಲ್ಲಿದೆ, ವಲ್ಲೆನ್‌ತೂನಾಕ್ಕೆ ತನ್ನದೇ ಕೆರೆ, ಎಸ್ಕಿಲ್ಸ್‌ತೂನಾದ ನಡುವೆ ಹೊಳೆ, ನಿಮ್ಮ ಊರಿಗೆ ಎಡ್ಸ್‌ವೀಕೆನ್ ಎಂಬ ಕಡಲ ಹಿನ್ನೀರು.

ಕಾಣದಿರುವುದು ಬೇಲಿಯೇ. ಇಲ್ಲಿ ಎಷ್ಟೋ ಮನೆಗಳಿಗೆ ಕಾಂಪೌಂಡ್ ಗೋಡೆ ಇರುವುದಿಲ್ಲ. ಬೇರೆಯವರ ಕಾಡಿನಲ್ಲೂ ನಡೆದಾಡಬಹುದು, ಕಾಡುಹಣ್ಣು ಕೀಳಬಹುದು. ಮನೆಯಂಗಳಕ್ಕೆ ಮಾತ್ರ ಕಾಲಿಡುವಂತಿಲ್ಲ. ಅಂಗಳ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ತಿಳಿಯದೆ ಮೊದಲ ತಿಂಗಳು ನಾನು ಒಬ್ಬರ ಹಿತ್ತಿಲಲ್ಲೇ ಹಾದುಹೋಗಿದ್ದೆ. ಯಜಮಾನರು ಕಿಟಕಿಯಿಂದ ನೋಡಿದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕೋಣೆ ಒಪ್ಪಿಕೊಳ್ಳಿ. ಆದರೆ ಆ ವಿಳಾಸವನ್ನು ತೆರಿಗೆ ಕಚೇರಿಯಲ್ಲಿ ನಿಮ್ಮ ವಾಸಸ್ಥಳವೆಂದು ನೋಂದಾಯಿಸಲು ಮನೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ನೋಂದಣಿಯಾಗದೆ ಇಲ್ಲಿನ ವೈಯಕ್ತಿಕ ಗುರುತಿನ ಸಂಖ್ಯೆ ಸಿಗುವುದಿಲ್ಲ, ಅದಿಲ್ಲದೆ ಬ್ಯಾಂಕ್ ಖಾತೆಗೂ ಪರದಾಟ. ನೀರಿನ ಫಿಲ್ಟರ್ ತರಬೇಕೇ ಎಂದೂ ಕೇಳಿದ್ದೀರಿ. ಬೇಡ, ನಲ್ಲಿಗೆ ಲೋಟ ಹಿಡಿದು ಹಾಗೆಯೇ ಕುಡಿಯಿರಿ.